ಲೈಟು ಕೊಳ್ಳಬೇಡಿ, ಬ್ಯಾಟರಿ ಕೊಳ್ಳಿ

ಕಳೆದ ಆಟಿ ತಿಂಗಳ ಒಂದು ರಾತ್ರಿ. ಗಂಟೆ ಹತ್ತೂವರೆ ಆಗಿರಬೇಕು. ನಮ್ಮ ಹಟ್ಟಿಯಲ್ಲಿ ಗಬ್ಬದ ದನ ಕರು ಹಾಕುವುದಕ್ಕೆ ಶುರು ಮಾಡಿತ್ತು. ಗಾಳಿಮಳೆಗೆ ಸಂಜೆಯೇ ಕರೆಂಟು ಹೋಗಿತ್ತು. ಅಮ್ಮ ಚಾರ್ಜ್ ಲೈಟು ಹಿಡಿದುಕೊಂಡು ಮುಂದೆ, ನಾನು ಬಿಸಿನೀರಿನ ಬಾಲ್ದಿ ಹಿಡಿದುಕೊಂಡು ಹಿಂದೆ. ಅಂಗಳ ದಾಟಿ ಹಟ್ಟಿಯ ಮೆಟ್ಟಿಲ ಹತ್ತಿರ ಬರುವಾಗ ಲೈಟು ಮಂಕಾಯಿತು, ಮತ್ತೆ ಇನ್ನೂ ಮಂಕಾಯಿತು, ಮತ್ತೆ ಹೋಯಿತು. ಮನೆಯಿಂದ ಹೊರಟು ಹತ್ತು ನಿಮಿಷ ಆಗಿರಲಿಲ್ಲ. "ನಿಲ್ಲಮ್ಮ" ಅಂತ ಹೇಳಿ ಬಾಲ್ದಿ ಕೆಳಗಿಟ್ಟು ಕಿಸೆಯಿಂದ ಮೊಬೈಲ್ ತೆಗೆದು ಟಾರ್ಚ್ ಹಾಕಿದೆ. ತೆಂಗಿನ ಸಿಪ್ಪೆಯ ರಾಶಿಯ ಬುಡದಲ್ಲಿ, ಅಮ್ಮನ ಕಾಲಿನಿಂದ ಎರಡು ಮಾರು ದೂರದಲ್ಲಿ, ಸುತ್ತಿಕೊಂಡು ಮಲಗಿತ್ತು ಕನ್ನಡಿ ಹಾವು.

ಯಾರಿಗೂ ಏನೂ ಆಗಲಿಲ್ಲ. ಹಾವು ಅದರ ಪಾಡಿಗೆ ಹೋಯಿತು, ಹೆಣ್ಣು ಕರು ಹುಟ್ಟಿತು. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂದ್ರೆ ಆ ಲೈಟನ್ನು ನಾನು ಒಂದು ದಿನವೂ ಮರೆಯದೆ ಚಾರ್ಜಿಗೆ ಹಾಕಿದ್ದೆ. ಮಾರ್ಚ್ ತಿಂಗಳಿಂದ ಅದು ಅಡುಗೆಕೋಣೆಯ ಪ್ಲಗ್ಗಿನಲ್ಲೇ ಇತ್ತು, ಕೆಂಪು ಇಂಡಿಕೇಟರ್ ಉರಿಸಿಕೊಂಡು. ಯಾವಾಗಲೂ ಚಾರ್ಜಿನಲ್ಲಿದ್ದರೆ ಯಾವಾಗಲೂ ಫುಲ್ ಇರುತ್ತದೆ ಅಂತ ನನ್ನ ಲೆಕ್ಕ. ಬಿಚ್ಚಿ ನೋಡಿದ ಮೇಲೆ ಗೊತ್ತಾಯಿತು, ಹಾಗೆ ಯಾವಾಗಲೂ ಚಾರ್ಜಿನಲ್ಲಿಟ್ಟೇ ನಾನು ಅದನ್ನು ಕೊಂದಿದ್ದೆ.

ನಮ್ಮೂರು ಎಲ್ಲೂರು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ: "ನಿಮ್ಮ ಊರಲ್ಲೇ ಪವರ್ ಪ್ಲಾಂಟ್ ಉಂಟಲ್ಲ ಮಾರಾಯ್ರೆ, ನಿಮಗೆಂಥ ಚಾರ್ಜ್ ಲೈಟು?" ಹೌದು, ಉಂಟು. ತಲಾ 600 ಮೆಗಾವಾಟಿನ ಎರಡು ಯೂನಿಟ್, ಒಟ್ಟು 1200 ಮೆಗಾವಾಟ್. ಅಲ್ಲಿಂದ ಕರೆಂಟು 400 ಕಿಲೋವೋಲ್ಟ್ ಲೈನಿನಲ್ಲಿ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮದ ಕಡೆ ಹೋಗುತ್ತದೆ. ನಮ್ಮ ಮನೆಗೆ ಬರುವುದು ಬೇರೆ ದಾರಿಯಲ್ಲಿ, ಹಲಸು, ಮಾವು, ತೆಂಗಿನ ನಡುವೆ ನುಸುಳಿಕೊಂಡು ಬರುವ 11 ಕಿಲೋವೋಲ್ಟಿನ ಸಣ್ಣ ಲೈನಿನಲ್ಲಿ. ಒಂದು ಮಡಲು ಬಿದ್ದರೆ ಸಾಕು. ದೊಡ್ಡ ಲೈನು ತಲೆಯ ಮೇಲೆ ಹಾದುಹೋಗುತ್ತದೆ ಅಂತ ನಮ್ಮ ಹಟ್ಟಿಗೆ ಬೆಳಕು ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಯಲ್ಲಿ ಹಿಡಿಯುವ ಬೆಳಕು ಬೇಕೇ ಬೇಕು. ಹಿರಿಯರು ಒಣ ಗರಿಯ ಸೂಟೆ ಹಿಡಿದು ನಡೆದರು, ಆಮೇಲೆ ಲಾಟೀನು ಬಂತು, ಆಮೇಲೆ ಟಾರ್ಚ್. ನಮ್ಮ ಕಡೆ ಹಳಬರು ಟಾರ್ಚಿಗೇ "ಬ್ಯಾಟ್ರಿ" ಅನ್ನುತ್ತಾರೆ. ಚಿಕ್ಕವನಿರುವಾಗ ನಾನು ಅದನ್ನು ತಿದ್ದುತ್ತಿದ್ದೆ. ಈಗ ಅನಿಸುತ್ತದೆ, ಸರಿ ಹೇಳಿದ್ದು ಅವರೇ. ಎಲ್‌ಇಡಿ ಈಗ ಎಲ್ಲದರಲ್ಲೂ ಒಂದೇ ಥರ, ವರ್ಷಗಟ್ಟಲೆ ಕೆಡುವುದಿಲ್ಲ. ನೀವು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವುದು ನಿಜವಾಗಿ ಬ್ಯಾಟರಿಯನ್ನೇ. ಆದರೆ ನಾವು ನೋಡುವುದು ಎಷ್ಟು ಬಲ್ಬ್ ಉಂಟು, ಎಫ್‌ಎಂ ರೇಡಿಯೋ ಉಂಟಾ, ಮೇಲೆ ಸೋಲಾರ್ ಪಟ್ಟಿ ಉಂಟಾ ಅಂತ. ಒಳಗೆ ಯಾವ ಬ್ಯಾಟರಿ ಅಂತ ಕೇಳುವವರು ಎಷ್ಟು ಜನ?

ನನ್ನ ಸತ್ತ ಲೈಟಿನ ಒಳಗೆ ಇದ್ದದ್ದು ಕಪ್ಪು ಪೆಟ್ಟಿಗೆಯಂಥ ಸಣ್ಣ ಸೀಸದ ಬ್ಯಾಟರಿ. ಮೇಲೆ 4 ವೋಲ್ಟ್ ಅಂತ ಬರೆದಿತ್ತು. ಹೊಟ್ಟೆ ಉಬ್ಬಿತ್ತು. ಟ್ರ್ಯಾಕ್ಟರಿನ ಬ್ಯಾಟರಿಯ ಜಾತಿಯೇ ಇದು, ಆದರೆ ನೀರು ಹಾಕಲಿಕ್ಕೆ ಮುಚ್ಚಳ ಇಲ್ಲ. ಸೀಸದ ಬ್ಯಾಟರಿಗೆ ಎರಡು ಶತ್ರು. ಖಾಲಿ ಮಾಡಿ ಹಾಗೇ ಇಟ್ಟರೆ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಬಿಡುವುದಿಲ್ಲ. ಫುಲ್ ಆದ ಮೇಲೂ ಕರೆಂಟು ತಳ್ಳುತ್ತಲೇ ಇದ್ದರೆ ಒಳಗಿನ ನೀರು ಒಡೆದು ಗ್ಯಾಸ್ ಆಗಿ ಹೋಗುತ್ತದೆ, ಬ್ಯಾಟರಿ ಒಣಗುತ್ತದೆ. ಒಳ್ಳೆಯ ಚಾರ್ಜರ್ ಆದರೆ ಫುಲ್ ಆದದ್ದನ್ನು ನೋಡಿ ನಿಲ್ಲಿಸಬೇಕು. ನನ್ನ ಲೈಟಿನಲ್ಲಿ ನಿಲ್ಲಿಸುವ ವ್ಯವಸ್ಥೆಯೇ ಇರಲಿಲ್ಲ. ಒಂದು ಕೆಪಾಸಿಟರ್, ನಾಲ್ಕು ಡಯೋಡ್, ಒಂದು ಕೆಂಪು ದೀಪ. ಅಷ್ಟೇ. ಆ ಕೆಂಪು ದೀಪ ಹೇಳುತ್ತಿದ್ದದ್ದು "ಚಾರ್ಜ್ ಆಗ್ತಾ ಉಂಟು" ಅಂತಲ್ಲ, "ಪ್ಲಗ್ಗಿನಲ್ಲಿ ಕರೆಂಟು ಉಂಟು" ಅಂತ ಮಾತ್ರ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಹಿಂದೆ ಮಡಚುವ ಎರಡು ಪಿನ್ ಇದ್ದು ನೇರ 230 ವೋಲ್ಟಿನ ಪ್ಲಗ್ಗಿಗೆ ಚುಚ್ಚುವ ಅಗ್ಗದ ಲೈಟುಗಳಲ್ಲಿ ತುಂಬದರೊಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕೆಪಾಸಿಟರ್ ಮೂಲಕ ಬಂದ ಕರೆಂಟು ಮನೆಯ ಲೈನಿನಿಂದ ಬೇರ್ಪಟ್ಟಿರುವುದಿಲ್ಲ. ಅಂದರೆ ಚಾರ್ಜಿನಲ್ಲಿರುವಾಗ ಅದರ ಒಳಗಿನ ಯಾವ ತಂತಿ ಮುಟ್ಟಿದರೂ ಮೇನ್ ಲೈನ್ ಮುಟ್ಟಿದ ಹಾಗೆಯೇ. ಪ್ಲಾಸ್ಟಿಕ್ ಒಡೆದು ಟೇಪು ಸುತ್ತಿದ ಲೈಟು, ಹಾಲು ಕರೆದು ಬಂದ ಒದ್ದೆ ಕೈ, ಸಿಮೆಂಟಿನ ಒದ್ದೆ ನೆಲ. ಮುಂದಿನದ್ದು ನಾನು ಬರೆಯಬೇಕಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಈ ಥರದ ಲೈಟನ್ನು ದನ ಸಾಕುವ ಮನೆಗೆ ತರಲೇಬಾರದು, ಎಷ್ಟೇ ಅಗ್ಗ ಇರಲಿ, ನೂರೈವತ್ತಕ್ಕೆ ಕೊಟ್ಟರೂ ಬೇಡ.

ಸೀಸ ಅಂದರೇ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ನಮ್ಮ ಕರಾವಳಿ ಮೂಲದ ಹರೀಶ್ ಹಂದೆ 1995ರಲ್ಲಿ ಸೆಲ್ಕೋ ಶುರು ಮಾಡಿ ಹಳ್ಳಿಮನೆಗಳಿಗೆ ಸೋಲಾರ್ ದೀಪ ಕೊಟ್ಟರಲ್ಲ, 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆ ಕಾಲದ ಸೋಲಾರ್ ಮನೆದೀಪಗಳು ಉರಿದದ್ದು ಸೀಸದ ಬ್ಯಾಟರಿಯಲ್ಲೇ. ವ್ಯತ್ಯಾಸ ಎಲ್ಲಿ ಅಂದರೆ ಮನೆಯ ಸೋಲಾರ್ ಸಿಸ್ಟಮ್ಮಿನಲ್ಲಿ ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಒಂದು ಚಾರ್ಜ್ ಕಂಟ್ರೋಲರ್ ಇರುತ್ತದೆ. ಹೆಚ್ಚಾದರೆ ನಿಲ್ಲಿಸುವುದು, ಕಡಿಮೆಯಾದರೆ ಲೈಟು ಆಫ್ ಮಾಡುವುದು, ಎರಡೂ ಅದರ ಕೆಲಸ. ಬ್ಯಾಟರಿ ಬಾಳುವುದು ಆ ಸಣ್ಣ ಡಬ್ಬದಿಂದ.

ಸರಿ, ಹಾಗಾದರೆ ಯಾವುದು ತಗೊಳ್ಳುವುದು? ನಾನು ಎರಡು ಕೆಲಸಕ್ಕೆ ಎರಡು ಥರ ಇಟ್ಟುಕೊಂಡಿದ್ದೇನೆ.

ಮೊದಲನೆಯದು ಪೆನ್ಸಿಲ್ ಸೆಲ್ಲಿನದು. ಶಂಕರಪುರ ಮಲ್ಲಿಗೆ ಬೆಳೆಯುವವರಿಗೆ ಗೊತ್ತುಂಟು, ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಮುಗಿಸಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಗಾಡಿ ಬರುವಷ್ಟರಲ್ಲಿ ಚೆಂಡು ಅಟ್ಟೆ ಲೆಕ್ಕ ಸರಿಮಾಡಿ ಕೊಡಬೇಕು. ಎರಡೂ ಕೈ ಬೇಕು. ಅದಕ್ಕೆ ತಲೆಗೆ ಕಟ್ಟುವ ಲೈಟು. ಅಕ್ಕನ ಮನೆಯಲ್ಲಿ ಮಲ್ಲಿಗೆ ಗಿಡ ಉಂಟು, ಅವರು ತಿಂಗಳಿಗೆ ಮೂರು ನಾಲ್ಕು ಸಲ ಸೆಲ್ ಬಿಸಾಡುತ್ತಿದ್ದರು. ಈಗ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದ್ದಾರೆ. ಇದು 1.2 ವೋಲ್ಟ್, ಸಾಮಾನ್ಯ ಸೆಲ್ 1.5. "ಕಡಿಮೆ ಉಂಟಲ್ಲ, ಮಂಕಾಗುತ್ತದೆ" ಅಂತ ಅಂಗಡಿಯವರು ಹೇಳಬಹುದು. ಶುರುವಿಗೆ ಸ್ವಲ್ಪ ಕಡಿಮೆ ಅನಿಸಬಹುದು, ಆದರೆ ಸಾಮಾನ್ಯ ಸೆಲ್ ಉರಿಯುತ್ತಾ ಉರಿಯುತ್ತಾ ಕೆಳಗಿಳಿಯುತ್ತದೆ, ಇದು ಹೆಚ್ಚುಕಡಿಮೆ ಕೊನೆಯವರೆಗೂ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಇದರಲ್ಲೂ ಎರಡು ನಮೂನೆ. ಹಳೆಯ ನಮೂನೆ ಸುಮ್ಮನೆ ಇಟ್ಟರೂ ತಿಂಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಚಾರ್ಜ್ ಕಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಅಂತ ತುಂಬಿಸಿಟ್ಟರೆ ಬೇಕಾದಾಗ ಖಾಲಿ. 2005ರಲ್ಲಿ ಜಪಾನಿನ ಸ್ಯಾನ್ಯೋ ಎನೆಲೂಪ್ ತಂದ ಮೇಲೆ, ಚಾರ್ಜ್ ಹಿಡಿದಿಟ್ಟುಕೊಳ್ಳುವ ಹೊಸ ನಮೂನೆ ಬಂತು. ವರ್ಷ ಇಟ್ಟರೂ ಹೆಚ್ಚಿನ ಪಾಲು ಉಳಿಯುತ್ತದೆ. ಪ್ಯಾಕೆಟ್ ಮೇಲೆ "ರೆಡಿ ಟು ಯೂಸ್" ಅಥವಾ "ಪ್ರೀ-ಚಾರ್ಜ್ಡ್" ಅಂತ ಇದ್ದರೆ ಸಾಮಾನ್ಯವಾಗಿ ಅದೇ. ಎಂಎಎಚ್ ಸಂಖ್ಯೆ ಇದರಲ್ಲಿ ಸ್ವಲ್ಪ ಕಡಿಮೆ, ಎಎ ಸೈಜಿನದ್ದಾದರೆ 2000 ಆಸುಪಾಸು. 2700 ಅಂತ ಬರೆದದ್ದಕ್ಕಿಂತ ನನಗೆ ಇದೇ ಮೇಲು. ಚಾರ್ಜರಿಗೆ ಮಾತ್ರ ಜಿಪುಣತನ ಮಾಡಬೇಡಿ. ಅಗ್ಗದ ಚಾರ್ಜರ್ 200 ಮಿಲಿಆಂಪ್ ಕೊಡುತ್ತಾ ಹೋಗುತ್ತದೆ, 2000ದ ಸೆಲ್ ತುಂಬಲು 14-15 ಗಂಟೆ ಬೇಕು, ಆಮೇಲೆ ನೀವೇ ನೆನಪಿಟ್ಟು ತೆಗೆಯಬೇಕು. ಒಂದೊಂದು ಸೆಲ್ಲಿಗೂ ಬೇರೆ ಬೇರೆ ದೀಪ ಇದ್ದು, ತುಂಬಿದ ಕೂಡಲೇ ತಾನೇ ನಿಲ್ಲಿಸುವ ಸ್ಮಾರ್ಟ್ ಚಾರ್ಜರ್ ತಗೊಳ್ಳಿ. ಒಂದೇ ದೀಪ ಇರುವ ಚಾರ್ಜರಿನಲ್ಲಿ ಎರಡೆರಡು ಸೆಲ್ ಜೋಡಿಯಾಗಿ ಚಾರ್ಜ್ ಆಗುವುದೇ ಹೆಚ್ಚು. ಹಳೆಯದು ಹೊಸದು ಸೇರಿದರೆ ಒಂದು ಉಕ್ಕುತ್ತದೆ, ಇನ್ನೊಂದು ಹಸಿದಿರುತ್ತದೆ.

ಎರಡನೆಯದು ಹಟ್ಟಿಗೆ, ಗದ್ದೆಗೆ, ಪಂಪ್‌ಶೆಡ್ಡಿಗೆ ಬೇಕಾದ ದೊಡ್ಡ ಬೆಳಕು. ಇದಕ್ಕೆ ಲೀಥಿಯಂ. ನಿಮ್ಮ ಕಿಸೆಯ ಫೋನಿನಲ್ಲಿರುವುದೂ ಅದೇ ಕುಲ. 1991ರಲ್ಲಿ ಸೋನಿ ಮೊದಲು ಮಾರುಕಟ್ಟೆಗೆ ತಂದದ್ದು. ಇದರ ಹಿಂದಿನ ವಿಜ್ಞಾನಕ್ಕೆ 2019ರಲ್ಲಿ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಮೂವರಿಗೆ ನೊಬೆಲ್ ಬಂತು. ಲೈಟುಗಳಲ್ಲಿ ಹೆಚ್ಚಾಗಿ ಬರುವುದು 18650 ಅನ್ನುವ ಸೆಲ್. ಹೆಸರೇ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಸರಾಸರಿ 3.7 ವೋಲ್ಟ್, ತುಂಬಿದಾಗ 4.2.

ಇಲ್ಲಿ ದೊಡ್ಡ ಮೋಸ ಒಂದುಂಟು, ನಾನೂ ಬಿದ್ದಿದ್ದೇನೆ. ಆನ್‌ಲೈನಿನಲ್ಲಿ 9900 ಎಂಎಎಚ್ ಅಂತ ಬರೆದ 18650 ಸೆಲ್ ಸಿಗುತ್ತದೆ, ಅಗ್ಗಕ್ಕೆ ಎರಡು. ಆ ಸೈಜಿನ ಸೆಲ್ಲಿನಲ್ಲಿ ಒಳ್ಳೆಯ ಕಂಪೆನಿಗಳಿಗೂ ತುಂಬಿಸಲು ಆಗುವುದು ಸಾಮಾನ್ಯವಾಗಿ 3500 ಆಸುಪಾಸು. ಅದಕ್ಕಿಂತ ತುಂಬಾ ಮೇಲೆ ಬರೆದದ್ದು ಪೂರಾ ಸುಳ್ಳು. ಪತ್ತೆ ಮಾಡುವ ಉಪಾಯ ಸುಲಭ, ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ. ಅಸಲಿ ಸೆಲ್ 45 ಗ್ರಾಂ ಹತ್ತಿರ ತೂಗುತ್ತದೆ. ನಾನು ತಂದ "9900" ತೂಗಿದ್ದು 31 ಗ್ರಾಂ. ಅಡಿಕೆಯನ್ನು ತೂಕ ಮಾಡದೆ ಕೊಡುವವರು ನಮ್ಮಲ್ಲಿ ಯಾರೂ ಇಲ್ಲ, ಬ್ಯಾಟರಿಯನ್ನು ಮಾತ್ರ ಬರೆದ ಸಂಖ್ಯೆ ನಂಬಿ ತರುತ್ತೇವೆ. ಜೊತೆಗೆ ಸೆಲ್ ಮೇಲೆ ಅಥವಾ ಪ್ಯಾಕ್ ಮೇಲೆ ಬಿಐಎಸ್ ಗುರುತು, ಐಎಸ್ 16046 ಮತ್ತು "ಆರ್-" ಅಂತ ಶುರುವಾಗುವ ನೋಂದಣಿ ಸಂಖ್ಯೆ ಉಂಟಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲಿ ನಿಂತೇ ಗೊತ್ತಾಗುತ್ತದೆ. ಫೋನ್ ಇರುವುದು ರೀಲ್ಸಿಗೆ ಮಾತ್ರ ಅಲ್ಲವಲ್ಲ.

ಲೀಥಿಯಂನಲ್ಲಿ ಇನ್ನೊಂದು ಜಾತಿ ಲೀಥಿಯಂ ಐರನ್ ಫಾಸ್ಫೇಟ್. ಸೋಲಾರ್ ಬೀದಿದೀಪದಲ್ಲಿ ಈಗ ಹೆಚ್ಚಾಗಿ ಬರುವುದು ಇದೇ. 3.2 ವೋಲ್ಟ್, ತುಂಬಿದಾಗ 3.65. ಅದೇ ಸೈಜಿಗೆ ಚಾರ್ಜ್ ಸ್ವಲ್ಪ ಕಡಿಮೆ ಹಿಡಿಯುತ್ತದೆ, ಆದರೆ ಬೆಂಕಿಯ ಭಯ ತುಂಬಾ ಕಡಿಮೆ. ಮಾಮೂಲಿ ಲೀಥಿಯಂ ಐನೂರರ ಆಸುಪಾಸು ಸಲ ತುಂಬಿ ಖಾಲಿಯಾದಾಗ ಸೊರಗುತ್ತದೆ, ಇದು ಎರಡು ಸಾವಿರದವರೆಗೂ ಬರುತ್ತದೆ. ಸಿಕ್ಕಿದರೆ ನಾನು ಇದನ್ನೇ ತಗೊಳ್ಳಿ ಅನ್ನುತ್ತೇನೆ. ಒಂದೇ ಎಚ್ಚರ: ಒಂದರ ಜಾಗಕ್ಕೆ ಇನ್ನೊಂದು ಹಾಕಬಾರದು. 4.2ಕ್ಕೆ ನಿಲ್ಲುವ ಚಾರ್ಜರಿನಲ್ಲಿ 3.65ರ ಸೆಲ್ ಇಟ್ಟರೆ ಅದು ಹಾಳು.

ಲೈಟು ಆರಿಸುವಾಗ ನನ್ನ ಮೊದಲ ಪ್ರಶ್ನೆ: ಸ್ಕ್ರೂ ಬಿಚ್ಚಿ ಸೆಲ್ ತೆಗೆಯಬಹುದಾ? ಅಂಟು ಹಾಕಿ ಮುಚ್ಚಿದ್ದಾದರೆ ಬೇಡ. ಬ್ಯಾಟರಿ ಹಾಳಾಗುವುದು ಖಂಡಿತ, ಆಗ ಇಡೀ ಲೈಟು ಬಿಸಾಡಬೇಕಾಗುತ್ತದೆ. ಬದಲಾಯಿಸುವ ಸೆಲ್ ತರುವಾಗ ಒಳಗೆ ಪ್ರೊಟೆಕ್ಷನ್ ಸರ್ಕ್ಯೂಟ್ ಇರುವುದನ್ನು ಕೇಳಿ, ಆದರೆ ಅದು ಮೂರು ನಾಲ್ಕು ಮಿಲಿಮೀಟರ್ ಉದ್ದ ಇರುತ್ತದೆ, ನಿಮ್ಮ ಲೈಟಿನೊಳಗೆ ಹಿಡಿಸುತ್ತದಾ ಅಂತ ಅಳೆದು ತನ್ನಿ.

ಲೆಕ್ಕ ಒಂದು ಕಲಿತುಕೊಂಡರೆ ಯಾರೂ ಮೋಸ ಮಾಡಲಿಕ್ಕಾಗುವುದಿಲ್ಲ. ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿ, ವಾಟ್-ಗಂಟೆ ಸಿಗುತ್ತದೆ. 2600 ಎಂಎಎಚ್ ಅಂದರೆ 2.6. ಅದನ್ನು 3.7ರಿಂದ ಗುಣಿಸಿದರೆ ಸುಮಾರು 9.6. ಮೂರು ವಾಟಿನ ಲೈಟು ಕಾಗದದಲ್ಲಿ ಮೂರು ಗಂಟೆ ಚಿಲ್ಲರೆ, ನಷ್ಟ ಕಳೆದರೆ ಎರಡೂವರೆ. ಅದೇ ಲೈಟನ್ನು ಒಂದು ವಾಟಿಗೆ ಇಳಿಸಿದರೆ ಎಂಟು ಗಂಟೆ. ಹಟ್ಟಿಯಲ್ಲಿ ಹಾಲು ಕರೆಯಲು ಒಂದು ವಾಟ್ ಧಾರಾಳ. ಪವರ್ ಬ್ಯಾಂಕಿಗೂ ಇದೇ ಲೆಕ್ಕ: 10,000 ಅಂತ ಬರೆದದ್ದು 3.7 ವೋಲ್ಟಿನಲ್ಲಿ, ಹೊರಗೆ 5 ವೋಲ್ಟಿನಲ್ಲಿ ಬರುವುದು ಆರು ಸಾವಿರದ ಆಸುಪಾಸು. ಅದು ಮೋಸ ಅಲ್ಲ, ಲೆಕ್ಕವೇ ಹಾಗೆ. ಎರಡು ವಾಟಿನ ಯುಎಸ್‌ಬಿ ಬಲ್ಬ್ ಚುಚ್ಚಿದರೆ ರಾತ್ರಿಯಿಡೀ ಉರಿಯುತ್ತದೆ. ತೀರಾ ಸಣ್ಣ ಬಲ್ಬ್ ಆದರೆ ಕೆಲವು ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂತ ತಿಳಿದು ತಾನೇ ಆಫ್ ಆಗುತ್ತದೆ.

ಈ ಲೆಕ್ಕ ಗೊತ್ತಾದರೆ ಲೈಟಿನ ತಲೆಯ ಮೇಲಿನ ಸೋಲಾರ್ ಪಟ್ಟಿಯ ಬಣ್ಣವೂ ಬಯಲಾಗುತ್ತದೆ. ಅರ್ಧ ವಾಟಿನ ಪಟ್ಟಿ, ಒಳ್ಳೆಯ ಬಿಸಿಲಿನಲ್ಲಿ ಐದು ಗಂಟೆಗೆ ಎರಡೂವರೆ ವಾಟ್-ಗಂಟೆ. ಆ ಸೆಲ್ ತುಂಬಲು ನಾಲ್ಕು ದಿನ ಬೇಕು, ಅದೂ ಮಾರ್ಚಿನ ಬಿಸಿಲಿಗೆ. ಆಟಿಯ ಮೋಡದಲ್ಲಿ ಅದಕ್ಕೆ ಕಾಯುತ್ತಾ ಕೂತರೆ ಕತ್ತಲೇ ಗತಿ. ಮತ್ತೆ ಚಾರ್ಜ್ ಆಗಲಿ ಅಂತ ಲೈಟನ್ನೇ ಬಿಸಿಲಲ್ಲಿಟ್ಟರೆ ಒಳಗಿನ ಸೆಲ್ ಬೇಯುತ್ತದೆ. ಲೀಥಿಯಂಗೆ ಬಿಸಿ ಆಗುವುದೇ ಇಲ್ಲ.

ಚಾರ್ಜ್ ಮಾಡುವ ವಿಷಯ. ಯುಎಸ್‌ಬಿ ಲೈಟಾದರೆ ಮೊಬೈಲಿನ ಹಳೆಯ 5 ವೋಲ್ಟಿನ ಚಾರ್ಜರ್ ಸಾಕು. ಟೈಪ್-ಸಿ ಇರುವ ಅಗ್ಗದ ಲೈಟುಗಳು ಕೆಲವು ಎರಡೂ ತುದಿ ಟೈಪ್-ಸಿ ಇರುವ ಹೊಸ ಕೇಬಲ್ಲಿನಲ್ಲಿ ಚಾರ್ಜೇ ಆಗುವುದಿಲ್ಲ. ಒಳಗೆ ಎರಡು ಸಣ್ಣ ರೆಸಿಸ್ಟರ್ ಉಳಿಸಿರುತ್ತಾರೆ, ಅದಿಲ್ಲದಿದ್ದರೆ ಚಾರ್ಜರ್ ಕರೆಂಟು ಬಿಡುವುದಿಲ್ಲ. ಲೈಟು ಹಾಳಾಯಿತು ಅಂತ ವಾಪಸ್ ಕೊಡುವ ಮೊದಲು ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡಿ. ತೂತಿನಲ್ಲಿ ಮಳೆನೀರು ಇದ್ದರೆ ಒಣಗುವವರೆಗೆ ಚುಚ್ಚಬೇಡಿ. ಹಾಸಿಗೆಯ ಮೇಲೆ, ಬೈಹುಲ್ಲಿನ ಅಟ್ಟದ ಹತ್ತಿರ ಚಾರ್ಜಿಗೆ ಇಡಬೇಡಿ. ಮುಟ್ಟಿದರೆ ಸುಡುವಷ್ಟು ಬಿಸಿಯಾದ ಅಥವಾ ಉಬ್ಬಿದ ಸೆಲ್ಲಿನ ಕಥೆ ಅಲ್ಲಿಗೆ ಮುಗಿಯಿತು, ಅದನ್ನು ಉಳಿಸಲು ಹೋಗಬೇಡಿ.

ತುಂಬಿದ ಮೇಲೆ ತೆಗೆಯಿರಿ. ಲೀಥಿಯಂ ಪೂರ್ತಿ ತುಂಬಿಕೊಂಡು ತಿಂಗಳುಗಟ್ಟಲೆ ಕೂತರೂ ಸೊರಗುತ್ತದೆ, ಪೂರ್ತಿ ಖಾಲಿಯಾಗಿ ಕೂತರೂ ಸೊರಗುತ್ತದೆ. ಬೇಸಿಗೆಯಲ್ಲಿ ಎತ್ತಿಡುವಾಗ ಅರ್ಧ ತುಂಬಿಸಿ ತಂಪಾದ ಜಾಗದಲ್ಲಿಡಿ. ನಾನು ಲೆಕ್ಕಕ್ಕೆ ಸಂಕ್ರಮಣ ಹಿಡಿದಿದ್ದೇನೆ. ಅಮ್ಮನಿಗೆ ಇಂಗ್ಲಿಷ್ ತಾರೀಕು ಮರೆತರೂ ಸಂಕ್ರಮಣ ಮರೆಯುವುದಿಲ್ಲ. ಆ ದಿನ ಮನೆಯ ಎಲ್ಲ ಲೈಟು ಒಂದು ಗಂಟೆ ಉರಿಸಿ ನೋಡುವುದು, ಮಂಕಾದದ್ದನ್ನು ಚಾರ್ಜಿಗೆ ಹಾಕುವುದು. ಮಳೆಗಾಲದಲ್ಲಿ ಮಾತ್ರ ವಾರಕ್ಕೊಮ್ಮೆ.

ನಮ್ಮ ದೊಡ್ಡಪ್ಪ ಇದನ್ನೆಲ್ಲ ಕೇಳಿ, "ಎಲ್ಲರ ಕೈಯಲ್ಲೂ ಮೊಬೈಲ್ ಉಂಟು, ಅದರ ಲೈಟು ಸಾಲದಾ?" ಅಂದರು. ಆ ರಾತ್ರಿ ನನ್ನ ಅಮ್ಮನ ಕಾಲು ಉಳಿಸಿದ್ದು ಮೊಬೈಲ್ ಲೈಟೇ, ಒಪ್ಪಿಕೊಳ್ಳುತ್ತೇನೆ. ಆದರೆ ಅವತ್ತು ಸಂಜೆಯಿಂದ ಕರೆಂಟಿಲ್ಲದೆ ನನ್ನ ಫೋನಿನಲ್ಲಿ ಉಳಿದಿದ್ದದ್ದು 14 ಪರ್ಸೆಂಟ್. ಹಾವು ಕಚ್ಚಿದ್ದರೆ ನಾನು 108ಕ್ಕೆ ಫೋನ್ ಮಾಡಬೇಕಿತ್ತು. ಕರು ಅಡ್ಡ ಬಂದಿದ್ದರೆ 1962ಕ್ಕೆ, ಪಶುವೈದ್ಯರಿಗೆ. ನಾನು ಆ ಫೋನಿನ ಲೈಟು ಹಾಕಿಕೊಂಡು ಒಂದೂವರೆ ಗಂಟೆ ಹಟ್ಟಿಯಲ್ಲಿ ನಿಂತೆ, ಕೊನೆಗೆ 3 ಪರ್ಸೆಂಟ್ ಉಳಿಯಿತು. ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಅವರು ಏನೂ ಹೇಳಲಿಲ್ಲ, ಮರುವಾರ ಅವರ ಜಗಲಿಯಲ್ಲೂ ಒಂದು ಹೊಸ ಲೈಟು ತೂಗುತ್ತಿತ್ತು. ತೂಕ ಮಾಡಿ ತಂದಿದ್ದಾರಾ ಕೇಳಿಲ್ಲ.

ಹಳೆಯ ಬ್ಯಾಟರಿಗಳನ್ನು ಏನು ಮಾಡುವುದು ಅನ್ನುವುದೂ ನಮ್ಮ ತಲೆಬಿಸಿಯೇ. ನಮ್ಮಲ್ಲಿ ತುಂಬ ಜನ ತೆಂಗಿನ ಬುಡಕ್ಕೆ ಬಿಸಾಡುತ್ತಾರೆ, ಇಲ್ಲದಿದ್ದರೆ ಬಚ್ಚಲೊಲೆಗೆ ಹಾಕುತ್ತಾರೆ. ಲೀಥಿಯಂ ಒಲೆಯಲ್ಲಿ ಸಿಡಿಯುತ್ತದೆ. ಸೀಸ ಮಣ್ಣಿಗೆ ಸೇರಿದರೆ ಹೋಗುವುದಿಲ್ಲ, ಅದೇ ಮಣ್ಣಿನಲ್ಲಿ ನಾವು ಹರಿವೆ ಹಾಕುತ್ತೇವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಸೀಸದ್ದಾದರೆ ವಾಹನದ ಬ್ಯಾಟರಿ ಅಂಗಡಿಯವರು ತೂಕಕ್ಕೆ ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತಾರೆ. ಲೀಥಿಯಂ ಸೆಲ್ಲಿನ ಎರಡೂ ತುದಿಗೆ ಟೇಪು ಅಂಟಿಸಿ ಡಬ್ಬದಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಬೇಕು. ನನ್ನ ಆ ಉಬ್ಬಿದ ಕಪ್ಪು ಪೆಟ್ಟಿಗೆ ಇನ್ನೂ ಜಗಲಿಯ ಮೂಲೆಯಲ್ಲೇ ಉಂಟು. ನಾಳೆ ಕಾಪುಗೆ ಹೋಗುವುದುಂಟು, ಬೈಕಿನ ಡಿಕ್ಕಿಗೆ ಇವತ್ತೇ ಹಾಕಿಡಬೇಕು.